ಹೇಳಿದ್ದಾಯಿತು, ಕಲಿಸಿದ್ದಾಯಿತೇ?

ಪ್ರತಿ ವರ್ಷ ಮಾರ್ಚ್ ಕೊನೆಗೆ ಯುನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಕ್ವಾಡ್‌ನಲ್ಲಿ ಚೆರ್ರಿ ಮರಗಳು ಹೂ ಬಿಟ್ಟಾಗ ಸಿಯಾಟಲ್ ಸುತ್ತಮುತ್ತಲಿನ ನಾವೆಲ್ಲ ಕ್ಯಾಮೆರಾ, ಮಕ್ಕಳು, ಊರಿನಿಂದ ಬಂದ ಅಪ್ಪ-ಅಮ್ಮ, ಚಿತ್ರಾನ್ನದ ಡಬ್ಬಿ ಸಮೇತ ಹಾಜರಾಗುತ್ತೇವೆ. ಹೂವಿನ ಕೆಳಗೆ ಫೋಟೋ ತೆಗೆಸಿಕೊಂಡು ವಾಪಸ್ಸು ಬರುತ್ತೇವೆ. ಮುಂದಿನ ಸಲ ಹೋದಾಗ ಇನ್ನೊಂದಿಷ್ಟು ನಡೆದು ಹದಿನೈದನೇ ಅವೆನ್ಯೂ ಕಡೆ ಬನ್ನಿ. ಗೋಡೆಯ ಮೇಲೆ ದೊಡ್ಡದೊಂದು ನೆರಳು-ಗಡಿಯಾರ ಇರುವ ಕಟ್ಟಡ ಕಾಣುತ್ತದೆ. ಅದು ಭೌತಶಾಸ್ತ್ರ ಮತ್ತು ಖಗೋಳಶಾಸ್ತ್ರ ವಿಭಾಗ. ಈ ವಿಭಾಗದ ಕೆಲವರು ಐವತ್ತು ವರ್ಷಗಳಿಂದ ಕೈಗೆತ್ತಿಕೊಂಡಿರುವ ಸಂಶೋಧನೆಯ ವಿಷಯ ಅಣುವೂ ಅಲ್ಲ, ನಕ್ಷತ್ರವೂ ಅಲ್ಲ. 'ನಾವು ಪಾಠ ಹೇಳಿದ ಮೇಲೆ ವಿದ್ಯಾರ್ಥಿಯ ತಲೆಯೊಳಗೆ ನಿಜವಾಗಿ ಏನು ಉಳಿಯುತ್ತದೆ?' ಎಂಬುದೇ ಅವರ ಪ್ರಶ್ನೆ.

ಈ ವಿಷಯ ನನಗೆ ಹತ್ತಿರವಾದದ್ದು ಒಂದು ಸೋಲಿನಿಂದ. ಹತ್ತನೇ ಕ್ಲಾಸಿನಲ್ಲಿರುವ ಮಗಳು ಒಂದು ಸಂಜೆ ವಿದ್ಯುತ್ತಿನ ಪಾಠ ಹಿಡಿದುಕೊಂಡು ಬಂದಳು. ಪಿಯುಸಿಯಲ್ಲಿ ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕ ತೆಗೆದವನು ನಾನು. ಹುರುಪು ಬಂತು. ಬಿಳಿ ಹಲಗೆ ತಂದು ಗೋಡೆಗೆ ಒರಗಿಸಿ, ಓಮ್‌ನ ನಿಯಮದಿಂದ ಹಿಡಿದು ಕಿರ್ಕಾಫ್‌ವರೆಗೆ ನಲವತ್ತು ನಿಮಿಷ ಒಂದೇ ಉಸಿರಿನಲ್ಲಿ ವಿವರಿಸಿದೆ. ನಡುನಡುವೆ "ಅರ್ಥ ಆಯ್ತಾ ಪುಟ್ಟಿ?" ಎಂದು ಕೇಳುತ್ತಲೂ ಇದ್ದೆ. "ಆಯ್ತು ಅಪ್ಪ" ಎನ್ನುತ್ತಿದ್ದಳು. ಎಷ್ಟು ಚೆನ್ನಾಗಿ ಹೇಳಿಕೊಟ್ಟೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡು ಮಲಗಿದೆ.

ಮರುದಿನ ಆಫೀಸಿನಲ್ಲಿ ಈ ಪ್ರತಾಪವನ್ನು ಸಹೋದ್ಯೋಗಿಯೊಬ್ಬರ ಹತ್ತಿರ ಹೇಳಿಕೊಂಡೆ. ಸಾಫ್ಟ್‌ವೇರಿಗೆ ಬರುವ ಮುಂಚೆ ಅವರು ಇದೇ ವಿಭಾಗದಲ್ಲಿ ಭೌತಶಾಸ್ತ್ರ ಓದುತ್ತಾ ಟೀಚಿಂಗ್ ಅಸಿಸ್ಟೆಂಟ್ ಆಗಿದ್ದವರು. ನಕ್ಕು, ಒಂದು ಕಾಗದದ ಮೇಲೆ ಮೂರು ಚಿತ್ರ ಬರೆದುಕೊಟ್ಟರು. "ಮಗಳಿಗೆ ಇದನ್ನು ಕೇಳಿ. ಅದಕ್ಕೂ ಮುಂಚೆ ನೀವೇ ಉತ್ತರ ಹೇಳಿ" ಎಂದರು. ನೀವೂ ಪ್ರಯತ್ನಿಸಿ.

ಮೂರು ಹೊಸ ಬ್ಯಾಟರಿಗಳಿವೆ, ಮೂರೂ ಒಂದೇ ತರಹದವು. ಐದು ಬಲ್ಬುಗಳಿವೆ, ಐದೂ ಒಂದೇ ತರಹದವು. ಮೊದಲನೆಯ ಬ್ಯಾಟರಿಗೆ ಒಂದೇ ಬಲ್ಬು ಜೋಡಿಸಿದೆ. ಅದು 1ನೇ ಬಲ್ಬು. ಎರಡನೆಯ ಬ್ಯಾಟರಿಗೆ ಎರಡು ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಅವು 2 ಮತ್ತು 3. ಮೂರನೆಯ ಬ್ಯಾಟರಿಗೂ ಎರಡು ಬಲ್ಬುಗಳಿವೆ, ಆದರೆ ಪ್ರತಿಯೊಂದರ ಎರಡೂ ತುದಿಗಳು ನೇರವಾಗಿ ಬ್ಯಾಟರಿಯ ಎರಡು ತುದಿಗಳಿಗೆ ಸೇರಿವೆ. ಅವು 4 ಮತ್ತು 5. ಯಾವ ಬಲ್ಬು ಹೆಚ್ಚು ಬೆಳಗುತ್ತದೆ, ಯಾವುದು ಕಡಿಮೆ, ಯಾವುವು ಸಮ? ಲೆಕ್ಕ ಮಾಡಬೇಕಿಲ್ಲ. ಕ್ರಮ ಹೇಳಿ, ಕಾರಣ ಕೊಡಿ, ಅಷ್ಟೇ.

ನಾನು ಥಟ್ಟನೆ ಹೇಳಿದ್ದು: "1ನೆಯದು ಎಲ್ಲಕ್ಕಿಂತ ಹೆಚ್ಚು. 4 ಮತ್ತು 5ಕ್ಕೆ ಕರೆಂಟು ಅರ್ಧರ್ಧ ಹಂಚಿಹೋಗುವುದರಿಂದ ಅವು ಮಂಕು." ತಪ್ಪು! ಸಂಜೆ ಮಗಳನ್ನು ಕೇಳಿದೆ. "2ನೇದು 3ಕ್ಕಿಂತ ಜಾಸ್ತಿ. ಅದಕ್ಕೆ ಕರೆಂಟ್ ಮೊದಲು ಸಿಗತ್ತಲ್ಲ ಅಪ್ಪ, ಮುಂದಿನದಕ್ಕೆ ಉಳಿದಿದ್ದು ಹೋಗತ್ತೆ" ಎಂದಳು. ಅದೂ ತಪ್ಪು. ನಲವತ್ತು ನಿಮಿಷದ ಪ್ರವಚನ, ಹಲಗೆ ತುಂಬ ಸಮೀಕರಣ, ಕೊನೆಗೆ ಗುರುವೂ ಫೇಲು, ಶಿಷ್ಯೆಯೂ ಫೇಲು.

ಸರಿಯುತ್ತರಕ್ಕೆ ನಮ್ಮ ಊರಿನ ಉದಾಹರಣೆಗಳೇ ಸಾಕು. ಗಣೇಶನ ಹಬ್ಬದ ಪೆಂಡಾಲಿನ ಸೀರಿಯಲ್ ಸೆಟ್ಟನ್ನು ನೆನಪಿಸಿಕೊಳ್ಳಿ. ಒಂದು ಬಲ್ಬು ಕೆಟ್ಟರೆ ಆ ಸಾಲೇ ಆರಿಹೋಗುತ್ತಿತ್ತು. ಅಂದರೆ ಸಾಲಿನಲ್ಲಿ ಇರುವುದು ಒಂದೇ ದಾರಿ, ಎಲ್ಲ ಬಲ್ಬುಗಳ ಮೂಲಕ ಹೋಗುವುದೂ ಅದೇ ಕರೆಂಟು. ಮೊದಲನೆಯ ಬಲ್ಬು ಒಂದಿಷ್ಟು ಕರೆಂಟನ್ನು ತಿಂದು ಎರಡನೆಯದಕ್ಕೆ ಮಿಕ್ಕಿದ್ದನ್ನು ಬಿಡುವುದಿಲ್ಲ. ಆದ್ದರಿಂದ 2 ಮತ್ತು 3 ಸಮ. ಆದರೆ ಒಂದೇ ದಾರಿಯಲ್ಲಿ ಎರಡು ಅಡಚಣೆ ಇರುವುದರಿಂದ ಒಟ್ಟು ಕರೆಂಟು ಕಡಿಮೆ; ಎರಡೂ ಮಂಕು. ಇನ್ನು 4 ಮತ್ತು 5 ನಮ್ಮ ಮನೆಯ ವೈರಿಂಗಿನ ಹಾಗೆ. ಅಡುಗೆಮನೆಯ ದೀಪ ಹಾಕಿದರೆ ನಡುಮನೆಯ ದೀಪ ಮಂಕಾಗುವುದಿಲ್ಲ (ವೋಲ್ಟೇಜ್ ಕೈಕೊಡುತ್ತಿದ್ದ ದಿನಗಳ ಮಾತು ಬೇರೆ!). 4ನೇ ಬಲ್ಬಿನ ಎರಡು ತುದಿಗಳೂ ನೇರ ಬ್ಯಾಟರಿಗೆ ಸೇರಿರುವುದರಿಂದ ಪಕ್ಕದಲ್ಲಿ 5 ಇದ್ದರೂ ಇಲ್ಲದಿದ್ದರೂ ಅದರ ಪಾಡು 1ನೇ ಬಲ್ಬಿನ ಪಾಡೇ. ಬ್ಯಾಟರಿ ಎಷ್ಟು ಕರೆಂಟು ಕೊಡಬೇಕು ಎಂಬುದು ಮುಂಚೆಯೇ ನಿಗದಿಯಾಗಿಲ್ಲ. ದಾರಿ ಎರಡಾದರೆ ಅದು ಎರಡರಷ್ಟು ಕೊಡುತ್ತದೆ, ಬೇಗ ಖಾಲಿಯೂ ಆಗುತ್ತದೆ. ಹಾಗಾಗಿ 1, 4, 5 ಸಮ ಮತ್ತು ಹೆಚ್ಚು ಪ್ರಕಾಶ. 2, 3 ಸಮ ಮತ್ತು ಕಡಿಮೆ.

ಉತ್ತರ ತಪ್ಪಿದ್ದರೆ ಬೇಜಾರು ಬೇಡ, ನಿಮಗೆ ದೊಡ್ಡ ಗುಂಪಿನ ಜೊತೆಯಿದೆ. ಯುನಿವರ್ಸಿಟಿ ಆಫ್ ವಾಷಿಂಗ್ಟನ್‌ನ ಲಿಲಿಯನ್ ಮೆಕ್‌ಡರ್ಮಟ್ ಮತ್ತು ಪೀಟರ್ ಶ್ಯಾಫರ್ ಈ ಪ್ರಶ್ನೆಯನ್ನು 1992ರಲ್ಲಿ 'ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ ಪ್ರಕಟಿಸಿದರು. ಕ್ಯಾಲ್ಕುಲಸ್ ಬಳಸಿ ಭೌತಶಾಸ್ತ್ರ ಕಲಿಯುವ, ಅಂದರೆ ಎಂಜಿನಿಯರಿಂಗ್, ವಿಜ್ಞಾನ ಓದಲಿರುವ ವಿದ್ಯಾರ್ಥಿಗಳಲ್ಲಿ ಸರಿಯುತ್ತರ ಕೊಟ್ಟವರು ನೂರಕ್ಕೆ ಸುಮಾರು 15 ಮಂದಿ. ಇನ್ನೂ ಕಸಿವಿಸಿಯ ಸಂಗತಿಯೆಂದರೆ, ಪಾಠಕ್ಕೆ ಮುಂಚೆ ಕೇಳಿದರೂ ಪಾಠ ಮುಗಿದ ಮೇಲೆ ಕೇಳಿದರೂ ಫಲಿತಾಂಶದಲ್ಲಿ ಹೆಚ್ಚು ಅಂತರ ಇರಲಿಲ್ಲ. ಸಮೀಕರಣ ಕೊಟ್ಟರೆ ಇದೇ ಮಕ್ಕಳು ಇದಕ್ಕಿಂತ ಕಷ್ಟದ ಲೆಕ್ಕಗಳನ್ನು ಬಿಡಿಸಬಲ್ಲವರು. ಆದರೆ ಲೆಕ್ಕ ಬಿಡಿಸುವ ಕೈಗೂ ಬಲ್ಬು ಯಾಕೆ ಬೆಳಗುತ್ತದೆ ಎಂದು ಯೋಚಿಸುವ ತಲೆಗೂ ನಡುವೆ ಸಂಪರ್ಕವೇ ಇರಲಿಲ್ಲ. ಬ್ಯಾಟರಿಯೂ ಇದೆ, ಬಲ್ಬೂ ಇದೆ, ನಡುವಿನ ವೈರು ಮಾತ್ರ ಇಲ್ಲ!

ಇಂಥ ಪ್ರಶ್ನೆ ಕೇಳುವ ಹಾದಿಯನ್ನು ಸಿಯಾಟಲ್‌ನಲ್ಲಿ ತೆರೆದವರು ಆರ್ನಲ್ಡ್ ಏರನ್ಸ್. ಎರಡನೇ ಮಹಾಯುದ್ಧದ ಕಾಲದಲ್ಲಿ ವುಡ್ಸ್ ಹೋಲ್‌ನಲ್ಲಿ ನೀರಿನಡಿಯ ಸ್ಫೋಟಗಳನ್ನು ಅಧ್ಯಯನ ಮಾಡಿದವರು. 1960ರ ಹೊತ್ತಿಗೆ ಹೆನ್ರಿ ಸ್ಟಾಮೆಲ್ ಜೊತೆ ಸೇರಿ ಸಾಗರದ ಆಳದಲ್ಲಿ ನೀರು ಹೇಗೆ ಸುತ್ತುತ್ತದೆ ಎಂಬ ಮಾದರಿಯನ್ನು ಕೊಟ್ಟವರು. ಅಷ್ಟು ದೊಡ್ಡ ವಿಜ್ಞಾನಿ ಆಮ್‌ಹರ್ಸ್ಟ್ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿ 1968ರಲ್ಲಿ ಇಲ್ಲಿಗೆ ಬಂದು ಕೈಹಾಕಿದ್ದು ಯಾವುದಕ್ಕೆ? ಮುಂದೆ ಪ್ರಾಥಮಿಕ ಶಾಲೆಯ ಟೀಚರ್ ಆಗಲಿರುವವರಿಗೆ ಬ್ಯಾಟರಿ, ಬಲ್ಬು, ತಕ್ಕಡಿ ಇಟ್ಟುಕೊಂಡು ವಿಜ್ಞಾನ ಕಲಿಸುವ ಕೋರ್ಸಿಗೆ. ಅವರ ಪಾಠದ ಸೂತ್ರ ಚಿಕ್ಕದು: ಮೊದಲು ಕಲ್ಪನೆ, ಆಮೇಲೆ ಹೆಸರು. ಬಲ್ಬು ಉರಿಸಿ, ಆರಿಸಿ, ಏನು ಬದಲಾದಾಗ ಏನಾಯಿತು ಎಂದು ಗಮನಿಸಿದ ಮೇಲೆ, 'ಇದಕ್ಕೊಂದು ಹೆಸರು ಬೇಕಲ್ಲ' ಎನ್ನಿಸಿದಾಗ ಮಾತ್ರ 'ಕರೆಂಟು' ಎಂಬ ಪದ ಬರಬೇಕು. ನಾವು ಕಲಿತದ್ದು ಇದರ ತಿರುವುಮುರುವು. ವ್ಯಾಖ್ಯೆಯನ್ನು ಉರುಹೊಡೆದದ್ದು ಮೊದಲು, ವಸ್ತು ಕಂಡದ್ದು ಎಷ್ಟೋ ಕಾಲದ ನಂತರ.

ಆ ಕೋರ್ಸಿಗೆ ಬಂದು ಸೇರಿಕೊಂಡವರು ಲಿಲಿಯನ್ ಮೆಕ್‌ಡರ್ಮಟ್ (1931-2020). 1959ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಪರಮಾಣು ಬೀಜ ಭೌತಶಾಸ್ತ್ರದಲ್ಲಿ ಪಿಎಚ್.ಡಿ. ಪಡೆದವರು. ಅವರ ಪತಿಗೆ ಇಲ್ಲಿನ ಭೌತಶಾಸ್ತ್ರ ವಿಭಾಗದಲ್ಲಿ ಕೆಲಸ ಸಿಕ್ಕಿ 1962ರಲ್ಲಿ ಸಿಯಾಟಲ್‌ಗೆ ಬಂದಾಗ, ಹತ್ತಿರದ ಸಂಬಂಧಿಗಳನ್ನು ಒಟ್ಟಿಗೆ ನೇಮಿಸಬಾರದೆಂಬ ಆ ಕಾಲದ ನಿಯಮ ಇವರಿಗೆ ಅಡ್ಡ ಬಂತು. ಕೆಲವು ವರ್ಷ ಅರೆಕಾಲಿಕ ಪಾಠದಲ್ಲೇ ಕಳೆದು, ಕೊನೆಗೆ 1973ರಲ್ಲಿ ವಿಭಾಗದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರು. (ವೀಸಾ ಕಾರಣಕ್ಕೆ ವರ್ಷಾನುಗಟ್ಟಲೆ ಮನೆಯಲ್ಲೇ ಕೂರಬೇಕಾಗಿ ಬಂದ ನಮ್ಮ ಬಳಗದ ಓದಿದ ಹೆಣ್ಣುಮಕ್ಕಳಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಿಲ್ಲ.)

ಮೆಕ್‌ಡರ್ಮಟ್ ಅವರ ಹೆಜ್ಜೆ ಮುಖ್ಯವಾಗುವುದು ಇಲ್ಲಿ. ಒಳ್ಳೆಯ ಮೇಷ್ಟರು ಯಾವ ಕಾಲದಲ್ಲೂ ಇದ್ದರು. ಆದರೆ ಒಳ್ಳೆಯ ಪಾಠ ಎಂದರೆ ಮೇಷ್ಟರ ಕಲೆ, ಅವರ ಮಾತುಗಾರಿಕೆ, ಅವರ ಜೊತೆಗೇ ಹೋಗುವ ವಿದ್ಯೆ ಎಂದೇ ಎಲ್ಲರೂ ತಿಳಿದಿದ್ದರು. ಮೆಕ್‌ಡರ್ಮಟ್ ಅದನ್ನು ಭೌತವಿಜ್ಞಾನಿಯ ಕಣ್ಣಿನಿಂದ ನೋಡಿದರು. ಪ್ರಯೋಗಾಲಯದಲ್ಲಿ 'ನನಗೆ ಹೀಗನ್ನಿಸುತ್ತದೆ' ಎಂದರೆ ಯಾರೂ ಒಪ್ಪುವುದಿಲ್ಲ, ಅಳೆದು ತೋರಿಸಬೇಕು. ಹಾಗಿದ್ದರೆ ತರಗತಿಯಲ್ಲಿ ಮಾತ್ರ 'ಹುಡುಗರಿಗೆ ಅರ್ಥವಾಗಿದೆ ಅನ್ನಿಸುತ್ತದೆ' ಎಂಬ ಮಾತನ್ನು ಯಾಕೆ ಒಪ್ಪಬೇಕು? ಇದನ್ನು ಶಿಕ್ಷಣ ವಿಭಾಗಕ್ಕೆ ಬಿಟ್ಟುಕೊಡದೆ ಭೌತಶಾಸ್ತ್ರ ವಿಭಾಗದ ಒಳಗೇ ಸಂಶೋಧನೆಯಾಗಿ ನಿಲ್ಲಿಸಿದರು. ಈ ಬಗೆಯ ಕೆಲಸಕ್ಕೆ ಅಲ್ಲಿಂದ ಮೊದಲ ಪಿಎಚ್.ಡಿ. ಹೊರಬಂದದ್ದು 1979ರಲ್ಲಿ. ಪಡೆದವರು ಡೇವಿಡ್ ಟ್ರೋಬ್ರಿಡ್ಜ್.

ಟ್ರೋಬ್ರಿಡ್ಜ್ ಮಾಡಿದ ಒಂದು ಪ್ರಯೋಗ ಸ್ವಾರಸ್ಯವಾಗಿದೆ. ಅಕ್ಕಪಕ್ಕದ ಎರಡು ಹಳಿಗಳ ಮೇಲೆ ಎರಡು ಗುಂಡುಗಳು ಉರುಳುತ್ತವೆ. ಒಂದರದು ಒಂದೇ ಸಮನಾದ ವೇಗ. ಇನ್ನೊಂದು ಜೋರಾಗಿ ಹೊರಟು ಮೊದಲನೆಯದನ್ನು ಹಿಂದಿಕ್ಕಿ, ನಿಧಾನವಾಗುತ್ತಾ ಬಂದು, ಮತ್ತೆ ಹಿಂದೆ ಬೀಳುತ್ತದೆ. ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಇದನ್ನು ತೋರಿಸಿ ಕೇಳಿದ್ದು: 'ಎರಡರ ವೇಗವೂ ಯಾವಾಗಲಾದರೂ ಒಂದೇ ಆಗಿತ್ತೇ?' ಅನೇಕರು 'ಒಂದರ ಪಕ್ಕ ಒಂದು ಬಂದಾಗ' ಎಂದರು. 520ರ ಸೇತುವೆಯ ಮೇಲೆ ಬಸ್ಸು ನಮ್ಮ ಕಾರನ್ನು ದಾಟುವುದನ್ನು ನೆನೆಯಿರಿ. ಬಸ್ಸು ಪಕ್ಕಕ್ಕೆ ಬಂದ ಗಳಿಗೆಯಲ್ಲಿ ಇಬ್ಬರೂ ಇರುವ ಜಾಗ ಒಂದೇ, ವೇಗ ಒಂದೇ ಅಲ್ಲ. ವೇಗ ಒಂದೇ ಆಗಿದ್ದರೆ ಅದು ನಮ್ಮನ್ನು ದಾಟುತ್ತಲೇ ಇರಲಿಲ್ಲ! ಆ ಗುಂಡುಗಳ ವೇಗ ಸಮವಾಗುವುದು ಅವೆರಡರ ನಡುವಿನ ಅಂತರ ಅತಿ ಹೆಚ್ಚಾಗಿರುವ ಕ್ಷಣದಲ್ಲಿ.

ಗಮನಿಸಬೇಕಾದ್ದು ಏನೆಂದರೆ, ಆ ವಿದ್ಯಾರ್ಥಿಗಳು ದಡ್ಡರಲ್ಲ. 'ವೇಗವೆಂದರೆ ಸಮಯದಿಂದ ಭಾಗಿಸಿದ ದೂರ' ಎಂದು ಕಂಠಪಾಠ ಒಪ್ಪಿಸಬಲ್ಲವರೇ. ಅವರ ತಪ್ಪಿಗೆ ಒಳಗೊಂದು ತರ್ಕವಿದೆ. ನನ್ನ ಮಗಳ 'ಮೊದಲು ಸಿಕ್ಕವರು ತಿಂದು ಮುಗಿಸುತ್ತಾರೆ' ಎನ್ನುವ ಕರೆಂಟಿಗೂ ತರ್ಕವಿದೆ. ಪಂಕ್ತಿಯಲ್ಲಿ ಕಡುಬು ಬಡಿಸುವಾಗ ಆಗುವುದು ಹಾಗೇ ತಾನೇ? ಖಾಲಿ ಪಾತ್ರೆಯಾದರೆ ತುಂಬಬಹುದು. ಆದರೆ ತಲೆ ಖಾಲಿ ಪಾತ್ರೆಯಲ್ಲ, ಅಲ್ಲಿ ಆಗಲೇ ಒಂದು ವಿವರಣೆ ಸಂಸಾರ ಹೂಡಿಕೊಂಡಿರುತ್ತದೆ. ಅದನ್ನು ಮಾತಾಡಿಸದೆ ಮೇಲಿನಿಂದ ಎಷ್ಟು ಸುರಿದರೂ ಹೊರಗೆ ಹರಿದುಹೋಗುತ್ತದೆ. ನಮ್ಮ ವೃತ್ತಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ಪಾಠ: ಬಗ್ ಎಲ್ಲಿದೆ ಎಂದು ಪತ್ತೆ ಮಾಡದೆ ಕೋಡ್ ಬದಲಿಸಬಾರದು. ಆಫೀಸಿನಲ್ಲಿ ದಿನಾ ಪಾಲಿಸುವ ಈ ನಿಯಮವನ್ನು ಮನೆಯಲ್ಲಿ ಹಲಗೆ ಹಿಡಿದಾಗ ನಾನು ಮರೆತಿದ್ದೆ.

ಸರಿ, ಹಾಗಾದರೆ ಮಾಡುವುದೇನು? ಮೆಕ್‌ಡರ್ಮಟ್ ಅವರ ಗುಂಪು ಲೆಕ್ಚರುಗಳನ್ನು ಕಿತ್ತುಹಾಕಲಿಲ್ಲ. ಅವುಗಳ ಜೊತೆಗೆ ವಾರಕ್ಕೊಂದು ಐವತ್ತು ನಿಮಿಷದ 'ಟ್ಯುಟೋರಿಯಲ್' ಜೋಡಿಸಿದರು. ಮೊದಲು ಒಂದು ಚಿಕ್ಕ ಪೂರ್ವಪರೀಕ್ಷೆ. ಉತ್ತರ ತಪ್ಪಾದರೆ ಅಂಕ ಕಳೆಯುವುದಿಲ್ಲ, ಮಕ್ಕಳು ಏನು ಯೋಚಿಸುತ್ತಿದ್ದಾರೆ ಎಂದು ತಿಳಿಯಲಿಕ್ಕಷ್ಟೇ. ನಂತರ ಮೂರು ನಾಲ್ಕು ಜನ ಒಂದು ಮೇಜಿನ ಸುತ್ತ ಕೂತು ಪ್ರಶ್ನೆಗಳ ಹಾಳೆಯನ್ನು ಬಿಡಿಸುತ್ತಾರೆ. ಹಾಳೆಯನ್ನು ಹೆಣೆದಿರುವ ಉಪಾಯವೇ ಬೇರೆ. ವಿದ್ಯಾರ್ಥಿಯ ಮನಸ್ಸಿನಲ್ಲಿರುವ ತಪ್ಪು ಕಲ್ಪನೆಯನ್ನು ಮೊದಲು ಅವನ ಬಾಯಿಂದಲೇ ಹೊರಡಿಸುತ್ತದೆ, ಅದನ್ನು ಎದುರಿಗಿರುವ ಬಲ್ಬಿನ ಜೊತೆ ಮುಖಾಮುಖಿ ಮಾಡಿಸುತ್ತದೆ, ಆಮೇಲೆ ಆ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಅವನೇ ಕಂಡುಕೊಳ್ಳುವಂತೆ ಮಾಡುತ್ತದೆ. ಆ ಮೇಲೆ ಮನೆಗೆಲಸ, ಕೊನೆಗೆ ಪರೀಕ್ಷೆಯಲ್ಲೂ ಆ ವಿಷಯದ ಮೇಲೆ ಪ್ರಶ್ನೆ.

ಕೋಣೆಯಲ್ಲಿ ಓಡಾಡುವ ಟೀಚಿಂಗ್ ಅಸಿಸ್ಟೆಂಟುಗಳ ಕೆಲಸ ಉತ್ತರ ಹೇಳುವುದಲ್ಲ, ಮರುಪ್ರಶ್ನೆ ಹಾಕುವುದು. ಅದಕ್ಕಾಗಿ ಅವರಿಗೂ ವಾರ ವಾರ ತರಬೇತಿ. ಅದೇ ಪೂರ್ವಪರೀಕ್ಷೆಯನ್ನು ಅವರೂ ಬರೆಯಬೇಕು, ಅದೇ ಹಾಳೆಯನ್ನು ಅವರೂ ಬಿಡಿಸಬೇಕು. ನನ್ನ ಸಹೋದ್ಯೋಗಿ ಹೇಳಿದ್ದು: "ಮೊದಲ ವಾರ ಅವಮಾನ ಅನ್ನಿಸಿತು. ಪಿಎಚ್.ಡಿ. ಮಾಡಲು ಬಂದವನಿಗೆ ಬಲ್ಬಿನ ಪಾಠವೇ ಅಂತ. ಎರಡನೇ ವಾರ ನನ್ನ ಉತ್ತರವೇ ತಪ್ಪಾಯಿತು. ಮೂರನೇ ವಾರದಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳುವುದನ್ನು ಕಲಿತೆ."

ಯಾವ ಹಾಳೆಯೂ ಮೊದಲ ಸಲಕ್ಕೇ ಅಂತಿಮವಾಗಲಿಲ್ಲ. ತರಗತಿಯಲ್ಲಿ ಪ್ರಯೋಗಿಸಿ, ಪಾಠದ ನಂತರದ ಉತ್ತರಗಳನ್ನು ಮುಂಚಿನ ಉತ್ತರಗಳ ಜೊತೆ ಹೋಲಿಸಿ, ಕೆಲಸ ಮಾಡದ ಪ್ರಶ್ನೆಯನ್ನು ಕಿತ್ತು ಮತ್ತೆ ಬರೆದರು. ಶಿಕ್ಷಕರ ತರಬೇತಿಗಾಗಿ ಬೆಳೆದ ಪಾಠಗಳು 'ಫಿಸಿಕ್ಸ್ ಬೈ ಇನ್‌ಕ್ವೈರಿ' ಎಂಬ ಪುಸ್ತಕವಾಗಿ 1996ರಲ್ಲಿ ಹೊರಬಂದವು. 'ಟ್ಯುಟೋರಿಯಲ್ಸ್ ಇನ್ ಇಂಟ್ರೊಡಕ್ಟರಿ ಫಿಸಿಕ್ಸ್' 2002ರಲ್ಲಿ ಪ್ರಕಟವಾಯಿತು. ಕೊಲರಾಡೊ ವಿಶ್ವವಿದ್ಯಾಲಯದವರು ಇದೇ ಹಾಳೆಗಳನ್ನು ತಮ್ಮಲ್ಲಿ ಬಳಸಿ, ಅಲ್ಲೂ ಕಲಿಕೆ ಸುಧಾರಿಸಿದ್ದನ್ನು 2005ರಲ್ಲಿ ವರದಿ ಮಾಡಿದರು. ಇದು ಒಬ್ಬ ಮೇಷ್ಟರ ಕೈಗುಣವಲ್ಲ, ಬೇರೆಯವರೂ ಮಾಡಿನೋಡಬಹುದಾದ ಪ್ರಯೋಗ ಎಂಬುದಕ್ಕೆ ಅದೇ ಸಾಕ್ಷಿ. ಅಮೆರಿಕದ ಭೌತಶಾಸ್ತ್ರ ಅಧ್ಯಾಪಕರ ಸಂಘದ ಅರ್ಸ್ಟೆಡ್ ಪದಕ 1972ರಲ್ಲಿ ಏರನ್ಸ್ ಅವರಿಗೂ 2001ರಲ್ಲಿ ಮೆಕ್‌ಡರ್ಮಟ್ ಅವರಿಗೂ ಸಂದಿತು.

ಹಾಗಂತ ಇದು ಸುಲಭದ ಮಂತ್ರವಲ್ಲ. ಚಿಕ್ಕ ಚಿಕ್ಕ ಗುಂಪುಗಳಿಗೆ ಕೋಣೆಗಳು ಬೇಕು, ತರಬೇತಾದವರು ಬೇಕು, ಅದಕ್ಕೆಲ್ಲ ದುಡ್ಡು ಬೇಕು. ಒಂದು ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಇನ್ನೊಂದನ್ನು ಬಿಡಬೇಕಾಗುತ್ತದೆ. ವಿದ್ಯಾರ್ಥಿಗಳಿಗೂ ಮೊದಮೊದಲು ರೇಗುತ್ತದೆ: 'ಉತ್ತರ ಗೊತ್ತಿದ್ದೂ ಯಾಕೆ ಹೇಳುವುದಿಲ್ಲ?' ಎಂದು. ಎಲ್ಲಕ್ಕಿಂತ ಕಷ್ಟವಾದದ್ದು ಮೇಷ್ಟರ ತ್ಯಾಗ. ಸೊಗಸಾಗಿ ವಿವರಿಸಿ, ಎದುರಿನ ಮುಖಗಳು ತಲೆದೂಗುವುದನ್ನು ನೋಡುವ ಸುಖವಿದೆಯಲ್ಲ, ಅದನ್ನು ಬಿಟ್ಟುಕೊಡಬೇಕು. ಆ ತಲೆದೂಗುವಿಕೆ ಅರ್ಥವಾದದ್ದರ ಗುರುತಲ್ಲ, ಬರೀ ಸೌಜನ್ಯ ಎಂದು ಒಪ್ಪಿಕೊಳ್ಳಬೇಕು.

ಇದನ್ನೆಲ್ಲ ಓದುವಾಗ ನಮ್ಮ ಎಚ್. ನರಸಿಂಹಯ್ಯನವರು (1920-2005) ನೆನಪಾದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರು, ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಬಂದು 1960ರಲ್ಲಿ ಪಿಎಚ್.ಡಿ. ಪಡೆದರು. ವಿಷಯ ಅವರದ್ದೂ ಪರಮಾಣು ಬೀಜ ಭೌತಶಾಸ್ತ್ರವೇ. ನಮ್ಮ ಹಾಗೆ ಇಲ್ಲೇ ಉಳಿಯದೆ ಅದೇ ಕಾಲೇಜಿಗೆ ಮರಳಿದರು. ಪ್ರಿನ್ಸಿಪಾಲರಾದರು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಹೆಚ್ಚು ಕಾಲ ವಾಸವಿದ್ದದ್ದು ಮಾತ್ರ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲಿ. 1962ರಲ್ಲಿ ಅವರು ಕಟ್ಟಿದ ಬೆಂಗಳೂರು ಸೈನ್ಸ್ ಫೋರಂನ ಉಪನ್ಯಾಸಗಳನ್ನು ಕೇಳಿ ಬೆಳೆದವರು ನಮ್ಮ ನಡುವೆಯೂ ಇದ್ದಾರು. ಎಚ್ಚೆನ್ ವಿದ್ಯಾರ್ಥಿಗೆ 'ಪ್ರಶ್ನೆ ಕೇಳು' ಎಂದು ಧೈರ್ಯ ತುಂಬಿದರು. ಮೆಕ್‌ಡರ್ಮಟ್ ಮೇಷ್ಟರಿಗೆ 'ನಿನ್ನ ಪಾಠವನ್ನೇ ಪ್ರಶ್ನಿಸಿಕೋ' ಎಂದರು. ಒಂದೇ ನಾಣ್ಯದ ಎರಡು ಮುಖ.

ಕೊನೆಗೆ ನಮ್ಮ ಮನೆಯಂಗಳದ ಮಾತು. ಭಾನುವಾರದ ಕನ್ನಡ ತರಗತಿಯಲ್ಲಿ ನಾನು ಹಿಂದೆ ಕರಿಹಲಗೆಯ ಮೇಲೆ 'ಚತುರ್ಥೀ ವಿಭಕ್ತಿ' ಎಂದು ಬರೆದೇ ಶುರುಮಾಡುತ್ತಿದ್ದೆ. ಮಕ್ಕಳು ಆಕಳಿಸುತ್ತಿದ್ದರು. ಈಗ 'ಮನೆಗೆ, ಅಜ್ಜಿಗೆ, ಮರಕ್ಕೆ, ಊಟಕ್ಕೆ' ಎಂಬ ಚೀಟಿಗಳನ್ನು ಕೊಟ್ಟು, ಯಾವುದಕ್ಕೆ '-ಗೆ', ಯಾವುದಕ್ಕೆ '-ಕ್ಕೆ', ನೀವೇ ಗುಂಪು ಮಾಡಿ ಎನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ "ಅಣ್ಣಕ್ಕೆ ಕೊಟ್ಟೆ" ಎಂದ. ಎಲ್ಲರೂ ನಕ್ಕರು. ಮುಂಚೆಯಾಗಿದ್ದರೆ ತಕ್ಷಣ ತಿದ್ದುತ್ತಿದ್ದೆ. ಈ ಸಲ "ಯಾಕೆ ಮರಿ ಹಾಗೆ?" ಎಂದು ಕೇಳಿದೆ. "ಮರ, ಮರಕ್ಕೆ. ಅಣ್ಣ, ಅಣ್ಣಕ್ಕೆ" ಎಂದ. ನೋಡಿ, ನಾನು ಹೇಳಿಕೊಡದ ನಿಯಮವನ್ನು ಅವನೇ ಕಂಡುಹಿಡಿದುಕೊಂಡಿದ್ದ! ಅಣ್ಣ ಮರವಲ್ಲ, ಮನುಷ್ಯ ಎಂಬುದೊಂದು ಬಾಕಿಯಿತ್ತು. ಅದನ್ನು ಪಕ್ಕದಲ್ಲಿದ್ದ ಹುಡುಗಿ ತಾನೇ ಹೇಳಿದಳು. ನಕ್ಕು ತಿದ್ದಿದ್ದರೆ ಆ ಹುಡುಗ ಮುಂದಿನ ವಾರ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದನೋ ಏನೋ.

ಮಗಳ ಬಲ್ಬಿನ ಕಥೆ ಏನಾಯಿತು ಅಂತೀರಾ? ಶನಿವಾರ ಹಾರ್ಡ್‌ವೇರ್ ಅಂಗಡಿಯಿಂದ ಬ್ಯಾಟರಿ, ವೈರು, ಚಿಕ್ಕ ಬಲ್ಬುಗಳನ್ನು ತಂದು ಊಟದ ಮೇಜಿನ ಮೇಲೆ ಹರಡಿದೆ. ಎರಡು ಬಲ್ಬು ಸಾಲಾಗಿ ಜೋಡಿಸಿದಳು. ಎರಡೂ ಒಂದೇ ಸಮ ಮಂಕಾಗಿ ಉರಿದವು. ಹುಬ್ಬು ಗಂಟಿಕ್ಕಿ ಬ್ಯಾಟರಿಯನ್ನು ತಿರುಗಿಸಿಟ್ಟಳು. ಆಗಲೂ ಅಷ್ಟೇ. ವಿವರಿಸಬೇಕೆಂದು ನನ್ನ ನಾಲಿಗೆ ತುದಿ ತುರಿಸುತ್ತಿತ್ತು, ಕಷ್ಟಪಟ್ಟು ತಡೆದುಕೊಂಡೆ. ಹತ್ತು ನಿಮಿಷದ ಮೇಲೆ "ಅಪ್ಪ, ಕರೆಂಟ್ ಖರ್ಚೇ ಆಗಲ್ವಾ ಹಾಗಾದ್ರೆ? ಮತ್ತೆ ಬ್ಯಾಟರಿ ಯಾಕೆ ಖಾಲಿಯಾಗತ್ತೆ?" ಎಂದಳು.

ಎಂಥ ಪ್ರಶ್ನೆ! ನಲವತ್ತು ನಿಮಿಷದ ನನ್ನ ಪ್ರವಚನ ಹುಟ್ಟಿಸದ ಪ್ರಶ್ನೆ. ಉತ್ತರ ನನಗೆ ಗೊತ್ತಿತ್ತು. ಹೇಳಲಿಲ್ಲ. "ನಿನಗೇನನ್ನಿಸತ್ತೆ ಪುಟ್ಟಿ?" ಎಂದು ಕೇಳಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತೆ.